ಬಿಟ್ಟು ಬಂದವರ ಮಾತುಕತೆ

ತ್ರಿಶರಣ, ಪಂಚಶೀಲ ಹೇಳಿ, ಇಪ್ಪತ್ತೆರಡು ಪ್ರತಿಜ್ಞೆ ಮಾಡಿ ಬೌದ್ಧರಾಗುವುದಕ್ಕೆ ಒಂದು ಮುಂಜಾನೆ ಸಾಕು. ಕಷ್ಟದ ಪ್ರಶ್ನೆಗಳು ಏಳುವುದು ಆಮೇಲೆ. “ಜೈಭೀಮ ಅಣ್ಣಾ, ನಮ್ಮ ಮುತ್ಯಾ ತೀರ್ಕೊಂಡಾನ. ಹನ್ನೊಂದನೇ ದಿನದ್ದು ಮಾಡಬೇಕೋ ಬ್ಯಾಡೋ?” “ಅಕ್ಕಾ, ತಂಗಿಗಿ ಬೀಗರು ಉಡಿ ತುಂಬ್ತೀವಿ ಅನ್ಲಿಕತ್ತಾರ, ಹೂಂ ಅಂತ ಹೇಳ್ಲೇನು?” “ಸರ, ಹುಡುಗನ ಸಾಲಿ ಫಾರ್ಮದಾಗ ಧರ್ಮ ಅಂತ ಇದ್ದಲ್ಲಿ ಏನ್ ಬರೀಲಿ?” ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಬೌದ್ಧ ಕುಟುಂಬಗಳು ಫೋನಿನ ಗುಂಪುಗಳಲ್ಲಿ ದಿನಾ ಆಡಿಕೊಳ್ಳುವ ಮಾತು ಈ ಬಗೆಯದು. ನಡುನಡುವೆ ಬುದ್ಧನ ಚಿತ್ರ, ಬಾಬಾಸಾಹೇಬರ ಭಾಷಣದ ತುಣುಕು, ತೊಗರಿ ದರ, ಯಾರದೋ ಮಗಳು ಪಿಯುಸಿ ಪಾಸಾದ ಸುದ್ದಿ. ಹೊರಗಿನಿಂದ ನೋಡಿದವರಿಗೆ ಇದು ಹರಟೆ. ಒಳಗೆ ಇಣುಕಿ ಒಂದೆರಡು ಸಿಟ್ಟಿನ ಮಾತು ಕಂಡವರಿಗೆ ಇದು ಧರ್ಮದ್ವೇಷ.

ಎರಡೂ ತಪ್ಪು ಎಂದು ನಾನು ಹೇಳುತ್ತೇನೆ. ಹುಟ್ಟಿನಿಂದ ಬಂದ ಧರ್ಮವನ್ನು ಬಿಡುವ ಕೆಲಸ ದೀಕ್ಷೆಯ ದಿನ ಶುರುವಾಗುತ್ತದೆಯೇ ಹೊರತು ಮುಗಿಯುವುದಿಲ್ಲ. ಅದು ನಡೆಯುವುದು ಈ ಚಿಲ್ಲರೆ ಎನ್ನಿಸುವ ಮಾತುಕತೆಯಲ್ಲೇ. ಮಾತಾಡಲು ಜಾಗ ಸಿಗದವನು ವರ್ಷ ಎರಡು ವರ್ಷದಲ್ಲಿ ಸದ್ದಿಲ್ಲದೆ ಹಳೆಯ ದಾರಿಗೆ ಮರಳುತ್ತಾನೆ, ಇಲ್ಲವೇ ಒಂಟಿಯಾಗಿ ಕಹಿಯಾಗುತ್ತಾನೆ. ನಮ್ಮ ನಾಡು ಪರಧರ್ಮವನ್ನು ಸೈರಿಸುವ ಬಗ್ಗೆ ಬೇಕಾದಷ್ಟು ಬರೆದಿದೆ. ತನ್ನದೇ ಧರ್ಮವನ್ನು ಬಿಟ್ಟು ಹೋದವನನ್ನು ಸೈರಿಸುವುದು ಹೇಗೆ ಎಂಬುದರ ಬಗ್ಗೆ ಬಹಳ ಕಡಿಮೆ ಯೋಚಿಸಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಹಿಂದೂ ಧರ್ಮ ಕಟ್ಟುನಿಟ್ಟಿನ ಧರ್ಮವೇ ಅಲ್ಲ, ದೇವರನ್ನು ನಂಬಿದರೂ ನಡೆಯುತ್ತದೆ, ನಂಬದಿದ್ದರೂ ನಡೆಯುತ್ತದೆ, ಬಿಡುವಂಥದ್ದು ಅದರಲ್ಲಿ ಏನಿದೆ? ನಂಬಿಕೆಯ ಮಟ್ಟಿಗೆ ಈ ಮಾತು ನಿಜ. ನಡಾವಳಿಯ ಮಟ್ಟಿಗೆ ನಿಜವಲ್ಲ. ಯಾರು ಯಾವ ಬಾವಿಯ ನೀರು ಸೇದಬೇಕು, ಗುಡಿಯ ಯಾವ ಮೆಟ್ಟಿಲಿಗೆ ನಿಲ್ಲಬೇಕು, ಯಾರ ಮನೆಯ ಮಣ್ಣಿಗೆ ಯಾರು ಹಲಗಿ ಬಾರಿಸಬೇಕು, ಸತ್ತ ದನ ಯಾರು ಎಳೆಯಬೇಕು ಎಂಬುದರಲ್ಲಿ ಯಾವ ಸಡಿಲಿಕೆಯೂ ಇರಲಿಲ್ಲ. ಧರ್ಮ ಸಡಿಲವೋ ಬಿಗಿಯೋ ಎಂಬುದು ಊರಿನ ಯಾವ ತುದಿಯಲ್ಲಿ ಹುಟ್ಟಿದ್ದೀರಿ ಎಂಬುದರ ಮೇಲೆ ನಿಂತಿತ್ತು. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ತತ್ತ್ವಗಳ ಧರ್ಮ ಬೇರೆ, ಕಟ್ಟಳೆಗಳ ಧರ್ಮ ಬೇರೆ ಎಂದು ಗೆರೆ ಎಳೆದರು. ಕಟ್ಟಳೆಯನ್ನು ಧರ್ಮವೆಂದು ಕರೆಯಬಾರದು ಎಂಬುದು ಅವರ ವಾದದ ತಿರುಳು. ಕೇರಿಯಲ್ಲಿ ಹುಟ್ಟಿದವನಿಗೆ ಸಿಕ್ಕಿದ್ದು ಕಟ್ಟಳೆಗಳ ಧರ್ಮ, ಅವನು ಬಿಟ್ಟು ಬಂದದ್ದೂ ಅದನ್ನೇ.

1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಅಂಬೇಡ್ಕರ್ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ದೀಕ್ಷೆ ಪಡೆದದ್ದು ಇಪ್ಪತ್ತೊಂದು ವರ್ಷದ ನಂತರ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ. ಆ ದಿನ ನಮ್ಮ ಗುಲ್ಬರ್ಗ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು ನವೆಂಬರ್ 1ರಂದು. ಡಿಸೆಂಬರ್ 6ರಂದು ಅಂಬೇಡ್ಕರ್ ಇಲ್ಲವಾದರು. ದೀಕ್ಷೆಗೂ ಸಾವಿಗೂ ನಡುವೆ ಎರಡು ತಿಂಗಳೂ ಇರಲಿಲ್ಲ. ‘ಬುದ್ಧ ಮತ್ತು ಆತನ ಧಮ್ಮ’ ಅಚ್ಚಾಗಿ ಬಂದದ್ದು ಮರುವರ್ಷ, ಅವರಿಲ್ಲದಾಗ. ಲಕ್ಷಗಟ್ಟಲೆ ಜನರನ್ನು ಬಾಗಿಲ ಆಚೆಗೆ ಕರೆತಂದ ನಾಯಕನಿಗೆ ಆಚೆಯ ಬದುಕಿನ ದಿನನಿತ್ಯದ ಪ್ರಶ್ನೆಗಳಿಗೆ ಉತ್ತರ ಹೇಳುವ ಅವಕಾಶವೇ ಸಿಗಲಿಲ್ಲ. ಎಲ್ಲಮ್ಮನ ಪಡ್ಡಲಿಗೆ ಏನು ಮಾಡಬೇಕು, ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕೋ ಬೇಡವೋ, ಊರಿಗೆ ಊರೇ ಕೂಡುವ ಮೊಹರಮ್ಮಿನ ಅಲಾಯಿಯ ಸುತ್ತ ಕುಣಿಯಬಹುದೋ ಹೇಗೆ, ಇವಕ್ಕೆ ಯಾವ ಗ್ರಂಥದಲ್ಲೂ ಉತ್ತರವಿಲ್ಲ. ಜನರೇ ಕೂತು ಮಾತಾಡಿ ಕಂಡುಕೊಳ್ಳಬೇಕಾಯಿತು. ಎಪ್ಪತ್ತು ವರ್ಷವಾಗುತ್ತ ಬಂತು, ಇನ್ನೂ ಕಂಡುಕೊಳ್ಳುತ್ತಿದ್ದಾರೆ.

ಕೂತು ಮಾತಾಡುವ ಜಾಗಗಳು ಮೊದಲೂ ಇದ್ದವು. 1968ರಲ್ಲಿ ದಲಿತ ನಾಯಕ ಬಿ. ಶ್ಯಾಮಸುಂದರ್ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದರು. ಆಮೇಲೆ ದಲಿತ ಸಂಘರ್ಷ ಸಮಿತಿಯ ಶಿಬಿರಗಳು ಬಂದವು. ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೂ ಅಶೋಕ ವಿಜಯದಶಮಿಗೆ ನಾಗಪುರಕ್ಕೂ ಹೋಗುವ ರೈಲಿನ ಜನರಲ್ ಬೋಗಿಯೇ ಒಂದು ಸಭೆ. ವಾಡಿಯ ಸಿಮೆಂಟ್ ಕಾರ್ಖಾನೆ, ಶಹಾಬಾದಿನ ಕಲ್ಲಿನ ಗಣಿ, ಸೇಡಮ್ಮಿನ ಕಾರ್ಖಾನೆಗಳಿಗೆ ಹಳ್ಳಿ ಬಿಟ್ಟು ಬಂದವರಿಗೆ ಊರಗೌಡನ ಕಣ್ಣು ತಪ್ಪಿತು, ಗೋಡೆಗೆ ಬುದ್ಧನ ಫೋಟೋ ಹಾಕುವ ಧೈರ್ಯ ಬಂತು. 2009ರ ಜನವರಿ 7ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಕಲಬುರಗಿಯ ಸೇಡಂ ರಸ್ತೆಯಲ್ಲಿ ಬುದ್ಧ ವಿಹಾರವನ್ನು ಉದ್ಘಾಟಿಸಿದರು. ಇಷ್ಟು ದೊಡ್ಡ ಕಟ್ಟಡ ಕಣ್ಣಿಗೆ ಕಾಣುವುದೂ ಒಂದು ಬಲವೇ. ಆದರೆ ವಿಹಾರಕ್ಕೆ ವರ್ಷಕ್ಕೆ ಎರಡು ಮೂರು ಸಲ ಹೋಗುತ್ತೇವೆ. ಪ್ರಶ್ನೆಗಳು ದಿನಾ ಏಳುತ್ತವೆ, ಅದೂ ರಾತ್ರಿ ಹತ್ತರ ಹೊತ್ತಿಗೆ, ಬೀಗರು ಎದ್ದು ಹೋದ ಮೇಲೆ. ಚಿಂಚೋಳಿಯ ಒಳಹಳ್ಳಿಯಲ್ಲಿ ಒಂದೋ ಎರಡೋ ಮನೆ ಮಾತ್ರ ಬೌದ್ಧರಾಗಿದ್ದರೆ, ಮಕ್ಕಳು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದರೆ, ಆ ಹೊತ್ತಿನಲ್ಲಿ ಕೈಗೆ ಸಿಗುವುದು ಫೋನಿನ ಗುಂಪು ಒಂದೇ.

ಈ ಮಾತುಕತೆ ಪಿಸುಮಾತಾಗಿ ಉಳಿದದ್ದಕ್ಕೆ ಕಾನೂನೂ ಕಾರಣ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ ಹಿಂದೂಗಳನ್ನು ಬಿಟ್ಟು ಬೇರೆ ಧರ್ಮದವರನ್ನು ಪರಿಶಿಷ್ಟ ಜಾತಿಯವರೆಂದು ಒಪ್ಪಲಿಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಲಾಯಿತು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ನಾಗಪುರದ ದೀಕ್ಷೆಯಿಂದ ಲೆಕ್ಕ ಹಾಕಿದರೆ ಮೂವತ್ತನಾಲ್ಕು ವರ್ಷ, ಅಂದರೆ ಒಂದು ತಲೆಮಾರಿಗೂ ಹೆಚ್ಚು ಕಾಲ, ಬೌದ್ಧ ಎಂದು ಬರೆಸಿದವನು ಕೇಂದ್ರದ ಕಾನೂನಿನ ಕಣ್ಣಲ್ಲಿ ಮೀಸಲಾತಿಗೆ ಹೊರಗಿನವನಾಗಿದ್ದ. ಧರ್ಮ ಬಿಟ್ಟ ಮಾತ್ರಕ್ಕೆ ಊರಿನವರ ಕಣ್ಣಲ್ಲಿ ಅವನ ಜಾತಿ ಅಳಿಯಲಿಲ್ಲ, ಸರ್ಕಾರದ ಕಣ್ಣಲ್ಲಿ ಮಾತ್ರ ಅಳಿಯಿತು. ಹೀಗಾಗಿ ಮನೆಯಲ್ಲಿ ಬೌದ್ಧ, ಕಾಗದದಲ್ಲಿ ಹಿಂದೂ ಎಂದು ಎರಡು ಹೆಸರಲ್ಲಿ ಬಾಳುವ ರೂಢಿ ಬೇರೂರಿತು. 1990ರಲ್ಲಿ ಕಾನೂನು ಬದಲಾದರೂ ಆ ಭಯ ಹೋಗಲಿಲ್ಲ. ತಹಶೀಲ್ ಕಚೇರಿಯ ಕಟ್ಟೆಯ ಮೇಲೆ “ಬೌದ್ಧ ಅಂತ ಬರಸಿದ್ರ ಸರ್ಟಿಫಿಕೇಟ್ ಸಿಗಂಗಿಲ್ಲ ನೋಡ್ರಿ” ಎಂದು ಹೇಳುವವರು ಈಗಲೂ ಇದ್ದಾರೆ.

ಜನಗಣತಿಯ ಒಂದು ಅಂಕಿ ನನ್ನನ್ನು ಬಹಳ ಕಾಡಿದೆ. 2001ರಲ್ಲಿ ಕರ್ನಾಟಕದ ಬೌದ್ಧರು 3.93 ಲಕ್ಷ. 2011ರಲ್ಲಿ ಸುಮಾರು 95 ಸಾವಿರ. ಬೈಲಕುಪ್ಪೆ, ಮುಂಡಗೋಡದ ಟಿಬೆಟಿಯನ್ನರೂ ಈ ಲೆಕ್ಕದ ಒಳಗೇ ಇದ್ದಾರೆ. ಹತ್ತು ವರ್ಷದಲ್ಲಿ ಮೂರು ಲಕ್ಷ ಜನ ಬುದ್ಧನನ್ನು ಬಿಟ್ಟರು ಎಂದು ನಾನು ನಂಬುವುದಿಲ್ಲ. ಇದೇ ಹತ್ತು ವರ್ಷದಲ್ಲಿ ಕಲಬುರಗಿಯಲ್ಲಿ ವಿಹಾರ ಎದ್ದಿದೆ, ಹಳ್ಳಿಹಳ್ಳಿಯಲ್ಲಿ ಬುದ್ಧನ ಮೂರ್ತಿ ಕೂತಿದೆ. ಬದಲಾದದ್ದು ಗಣತಿಗೆ ಬಂದವರ ಮುಂದೆ ಬಾಗಿಲಲ್ಲಿ ನಿಂತು ಕೊಟ್ಟ ಉತ್ತರ, ಅಥವಾ ಕೇಳದೆಯೇ ತುಂಬಿಕೊಂಡ ಉತ್ತರ ಎಂಬುದು ನನ್ನ ತಿಳಿವಳಿಕೆ. ಒಬ್ಬ ಮನುಷ್ಯ ತಾನು ಯಾರು ಎಂಬುದನ್ನು ಮನೆಯೊಳಗೆ ಒಂದು ರೀತಿ, ಬಾಗಿಲಲ್ಲಿ ಒಂದು ರೀತಿ ಹೇಳಬೇಕಾದ ಸ್ಥಿತಿಯಲ್ಲಿದ್ದರೆ, ಅವನು ನಂಬಿ ಮಾತಾಡಬಹುದಾದ ಮೂರನೆಯ ಜಾಗವೊಂದು ಬೇಕೇ ಬೇಕು.

ಕ್ರೈಸ್ತರಾದ ದಲಿತರ ಪಾಡು ಇನ್ನೂ ಬಿಗಿ. ಬೀದರ್–ಕಲಬುರಗಿ ಸೀಮೆಯಲ್ಲಿ ಮೆಥಡಿಸ್ಟ್ ಸಭೆಗೆ ಹೋಗುವ ಕುಟುಂಬಗಳಿಗೆ ಇವತ್ತಿಗೂ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಅದನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಲಾಯಿತು. 2024ರ ನವೆಂಬರ್ 26ರಂದು, ಸಂವಿಧಾನ ದಿನದಂದೇ, ಸುಪ್ರೀಂ ಕೋರ್ಟ್ ಕ್ರೈಸ್ತ ಧರ್ಮವನ್ನು ಪಾಲಿಸುತ್ತಲೇ ಹಿಂದೂ ಎಂದು ಹೇಳಿ ಮೀಸಲಾತಿ ಕೇಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ನ್ಯಾಯಾಲಯದ ತರ್ಕ ಏನೇ ಇರಲಿ, ಇದರ ಫಲವೊಂದು ಸ್ಪಷ್ಟ: ಆ ಮನೆಗಳ ಮಾತು ಇನ್ನಷ್ಟು ತಗ್ಗುತ್ತದೆ.

ನಮ್ಮ ರಾಜ್ಯದ 2022ರ ಮತಾಂತರ ಕಾಯ್ದೆಯನ್ನೂ ಇದರ ಜೊತೆಗಿಟ್ಟು ಓದಬೇಕು. ಧರ್ಮ ಬದಲಿಸುವವನು ಮೂವತ್ತು ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಕೊಡಬೇಕು. ಅದನ್ನು ನೋಟಿಸ್ ಫಲಕಕ್ಕೆ ಹಚ್ಚಿ ಆಕ್ಷೇಪಣೆ ಕರೆಯಲಾಗುತ್ತದೆ. ಆದರೆ ಹಿಂದಿನ ಧರ್ಮಕ್ಕೆ ಮರಳುವವನಿಗೆ ಇದಾವುದೂ ಇಲ್ಲ, ಅದನ್ನು ಕಾಯ್ದೆ ಮತಾಂತರವೆಂದೇ ಎಣಿಸುವುದಿಲ್ಲ. ಹೊರಗೆ ಹೋಗುವ ಹೆಜ್ಜೆಯನ್ನು ಅನುಮಾನದಿಂದ ನೋಡು, ಒಳಗೆ ಬರುವ ಹೆಜ್ಜೆಯನ್ನು ಸಹಜವೆಂದು ಬಗೆ ಎಂಬ ಮನೋಭಾವ ಇದರಲ್ಲಿ ನೇರವಾಗಿ ಕಾಣುತ್ತದೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದುಮಾಡಲು ತೀರ್ಮಾನಿಸಿತು. ಮನೋಭಾವ ಸಂಪುಟದ ತೀರ್ಮಾನದಿಂದ ಹೋಗುವುದಿಲ್ಲ. ಮನಸ್ಸು ಬದಲಾಗಿದೆ ಎಂದು ಸರ್ಕಾರಿ ಗೋಡೆಗೆ ನೋಟಿಸ್ ಹಚ್ಚಬೇಕಾದ ದೇಶದಲ್ಲಿ ಮನಸ್ಸು ಬದಲಾದವರು ಒಬ್ಬರನ್ನೊಬ್ಬರು ಗುಟ್ಟಾಗಿ ಹುಡುಕಿಕೊಂಡರೆ ಅದರಲ್ಲಿ ಸಂಚು ಕಾಣಬಾರದು.

ಹಾಗಿದ್ದರೆ ಆ ಸಿಟ್ಟಿನ ಮಾತು? ದೇವರನ್ನು ಬೈಯುವ ಪೋಸ್ಟರ್, ಹಬ್ಬದ ದಿನ ಹಬ್ಬವನ್ನು ಹೀಯಾಳಿಸುವ ವಿಡಿಯೊ? ಅವು ಇವೆ, ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಎರಡನ್ನು ಬೇರೆ ಮಾಡಿ ನೋಡಬೇಕು. “ನಮ್ಮ ಮುತ್ಯಾಗ ಗುಡಿ ಮುಂದ ಚಪ್ಪಲಿ ತಲಿಮ್ಯಾಲ ಹೊತ್ಕೊಂಡು ಹೋಗಂತಿದ್ರು” ಎಂದು ಒಬ್ಬ ಬರೆದರೆ ಅದು ಸಾಕ್ಷಿ. ಅದನ್ನು ಕೇಳಿ ಯಾರದಾದರೂ ಧಾರ್ಮಿಕ ಭಾವನೆಗೆ ನೋವಾದರೆ, ನೋವಾಗಬೇಕಾದದ್ದೇ. ಊರಿನ ದೇವಿಯನ್ನು ಹೊಲಸು ಮಾತಿನಲ್ಲಿ ಬೈದರೆ ಅದು ಬೇರೆ. ಆ ದೇವಿಯ ಮುಂದೆ ದೀಪ ಹಚ್ಚುವವಳು ಅದೇ ಗುಂಪಿನಲ್ಲಿರುವ ಯಾರದೋ ಅವ್ವ. ಮೊದಲನೆಯದನ್ನು ಎರಡನೆಯದೆಂದು ಹೇಳಿ ಠಾಣೆಗೆ ಹೋಗುವವರು ಹೆಚ್ಚಾಗಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು, ಅಂದರೆ ಹಳೆಯ 295ಎ, ಒಂದು ಸ್ಕ್ರೀನ್‌ಶಾಟಿನ ಬಲದ ಮೇಲೆ ಕೂಲಿ ಮಾಡುವ ಹುಡುಗನನ್ನು ಕೋರ್ಟು ಅಲೆಸಬಲ್ಲದು.

ಇದಕ್ಕಿಂತ ಭೀಕರವಾದದ್ದೂ ಆಗಿದೆ. ಕೊಯಮತ್ತೂರಿನಲ್ಲಿ ಎಚ್. ಫಾರೂಕ್ ಎಂಬ ಯುವಕ ದ್ರಾವಿಡರ್ ವಿಡುದಲೈ ಕಳಗಂ ಎಂಬ ವಿಚಾರವಾದಿ ಸಂಘಟನೆ ಸೇರಿ, ಹುಟ್ಟಿದ ಮತವನ್ನು ಬಿಟ್ಟು ನಾಸ್ತಿಕನಾಗಿದ್ದ. ತನ್ನ ವಿಚಾರಗಳನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಹಂಚಿಕೊಳ್ಳುತ್ತಿದ್ದ. 2017ರ ಮಾರ್ಚಿನಲ್ಲಿ ಅವನನ್ನು ಕಡಿದು ಕೊಂದರು. ಈ ಹೆಸರನ್ನು ನೆನೆಯದೆ ಈ ವಿಷಯವನ್ನು ಬರೆಯಲಾರೆ. ಯಾಕೆಂದರೆ ಬೌದ್ಧನಾದವನಿಗೆ ಅಂಬೇಡ್ಕರ್ ಎಂಬ ನೆರಳಿದೆ, ಏಪ್ರಿಲ್ 14ರ ಮೆರವಣಿಗೆಯಿದೆ, ಕೇರಿಯ ಜನ ಜೊತೆಗಿದ್ದಾರೆ. ಮುಸ್ಲಿಮನಾಗಿ ಹುಟ್ಟಿ ನಂಬಿಕೆ ಕಳೆದುಕೊಂಡ ಶಹಾಬಾದಿನ ಹುಡುಗನಿಗೆ, ಮಠದ ಮನೆತನದಲ್ಲಿ ಹುಟ್ಟಿ ಲಿಂಗ ತೆಗೆದಿಟ್ಟ ಸೇಡಮ್ಮಿನ ಹುಡುಗಿಗೆ, ಸಭೆಗೆ ಹೋಗುವುದನ್ನು ನಿಲ್ಲಿಸಿದ ಪಾಸ್ಟರ ಮಗನಿಗೆ ಅಂಥ ನೆರಳಿಲ್ಲ. ಒಂಟಿಯಾಗಿ ಬಿಟ್ಟವನಿಗೆ ಮೆರವಣಿಗೆಯೂ ಇಲ್ಲ, ಹೊಸ ಹೆಸರೂ ಇಲ್ಲ. ದೂರದ ಯಾವುದೋ ಊರಿನ, ಮುಖ ನೋಡದ ನಾಲ್ಕು ಜನರ ಜೊತೆ ಸುಳ್ಳು ಹೆಸರಿನಲ್ಲಿ ಆಡುವ ಮಾತು ಅವನ ಪಾಲಿನ ಇಡೀ ಸಮಾಜ. ಬೌದ್ಧರಾದವರು ಇವರನ್ನು ತಮ್ಮ ಬಳಗವೆಂದು ತಿಳಿಯಬೇಕು ಎಂಬುದು ನನ್ನ ಆಸೆ. ಎಲ್ಲರೂ ಬುದ್ಧನ ಕಡೆಗೇ ಬರಲಿ ಎಂದು ಕಾಯದೆ.

ಹಳೆಯ ಬದುಕನ್ನು ತೊರೆದವರ ಬಾಳನ್ನು ಆಳವಾಗಿ ನೋಡಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಇಬಾ ಒಬ್ಬರು. ಸ್ವತಃ ಕ್ರೈಸ್ತ ಸನ್ಯಾಸಿನಿಯಾಗಿದ್ದು ಹೊರಬಂದವರು. ಬಿಟ್ಟು ಬಂದವರ ಹಳೆಯ ಗುರುತು ಒಮ್ಮೆಲೇ ಹೋಗುವುದಿಲ್ಲ, ಹೊಸ ಬದುಕಿನ ಒಳಗೂ ಅದು ಉಳಿದಿರುತ್ತದೆ ಎಂದು 1988ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ನಮ್ಮ ಸಂಗತಿಯಲ್ಲಿ ಇದಕ್ಕೊಂದು ತೊಡಕು ಸೇರಿಕೊಳ್ಳುತ್ತದೆ. ಅಲ್ಲಿ ಸನ್ಯಾಸ ಬಿಟ್ಟವಳು ಊರು ಬದಲಿಸಿದರೆ ಅವಳ ಹಿಂದಿನದು ಯಾರಿಗೂ ಗೊತ್ತಾಗದು. ಇಲ್ಲಿ ಅಡ್ಡಹೆಸರು, ಓಣಿ, ಮುತ್ಯಾನ ಹೆಸರು ಕೇಳಿದ ಕೂಡಲೇ ಎಲ್ಲ ಗೊತ್ತಾಗುತ್ತದೆ. ಮಾತಿನ ನಡುವೆ “ನಿಮ್ಮ ಮಂದಿ” ಎಂಬ ಪದ ಬಂದೇ ಬರುತ್ತದೆ. ತಾನು ಬಿಟ್ಟರೂ ಊರು ಬಿಡದ ಗುರುತಿನ ಜೊತೆ ಬಾಳಬೇಕಾದವರು ಅದರ ಬಗ್ಗೆ ವರ್ಷಗಟ್ಟಲೆ ಮಾತಾಡುತ್ತಲೇ ಇರುತ್ತಾರೆ. “ಬಿಟ್ಟಾಯ್ತಲ್ಲ, ಇನ್ನೂ ಯಾಕೆ ಅದನ್ನೇ ಜಗಿಯುತ್ತೀರಿ” ಎಂದು ಕೇಳುವ ಗೆಳೆಯರು ಇದನ್ನು ಅರಿಯಬೇಕು.

ನಮ್ಮ ನಾಡು ಪರಧರ್ಮವನ್ನು ಸೈರಿಸುವ ಬಗ್ಗೆ ಬೇಕಾದಷ್ಟು ಬರೆದಿದೆ ಎಂದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಕೆಳಗೆ ಪೀಠವಾಗಿ ಇಟ್ಟಿದ್ದ ಚಪ್ಪಡಿ ಅಶೋಕನ ಶಾಸನ ಎಂದು ಆಗ ತಿಳಿಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವೂ ಸಿಕ್ಕಿತು. ಅದರ ಫೋಟೋ ಎಲ್ಲರ ಫೋನಿನಲ್ಲೂ ಇದೆ, “ನಮ್ಮ ಊರಾಗೇ ಬುದ್ಧ ಇದ್ದ” ಎಂಬ ಹೆಮ್ಮೆಯೂ ಇದೆ. ಆ ಚಪ್ಪಡಿಯ ಮೇಲಿರುವ ಬರಹವನ್ನು ಮಾತ್ರ ಯಾರೂ ಅಷ್ಟಾಗಿ ಓದುವುದಿಲ್ಲ. ಅದರಲ್ಲಿ ಅಶೋಕನ ಹನ್ನೆರಡನೆಯ ಶಾಸನವಿದೆ. ಸಮಯವಲ್ಲದ ಸಮಯದಲ್ಲಿ ತನ್ನ ಪಂಥವನ್ನು ಹೊಗಳಬಾರದು, ಇನ್ನೊಬ್ಬರ ಪಂಥವನ್ನು ಹಳಿಯಬಾರದು, ಮಾತಿನಲ್ಲಿ ಹಿಡಿತವಿರಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಎಂಬುದು ಅದರ ಸಾರ. ಸಾವಿರದ ಚಿಲ್ಲರೆ ವರ್ಷದ ಮೇಲೆ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದನ್ನು ಸಂಪತ್ತು ಎಂದು ಕರೆಯಿತು. ಇಂಥ ಎರಡು ಬರಹ ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ಹುಟ್ಟಿದ ನಾಡು ನಮ್ಮದು.

ಆದರೆ ಎರಡೂ ಬರಹಗಳಲ್ಲಿ ಇರುವುದು ಪರರು. ನಾನು ನನ್ನ ಧರ್ಮದಲ್ಲಿ, ನೀನು ನಿನ್ನ ಧರ್ಮದಲ್ಲಿ, ನಡುವೆ ಮರ್ಯಾದೆ. ನಮ್ಮ ಊರುಗಳಿಗೆ ಇದು ಚೆನ್ನಾಗಿ ಗೊತ್ತು. ಬಂದೇನವಾಜರ ಉರುಸಿಗೆ ಹಿಂದೂಗಳು ಹೋಗುತ್ತಾರೆ, ಶರಣಬಸವೇಶ್ವರರ ಜಾತ್ರೆಗೆ ಮುಸ್ಲಿಮರು ಬರುತ್ತಾರೆ. ದೂರದಿಂದ ಬಂದ ಭಂತೇಜಿಗೆ ಗೌಡರ ಮನೆಯಲ್ಲೂ ಕುರ್ಚಿ ಹಾಕುತ್ತಾರೆ. ಅದೇ ಗೌಡರು ತಮ್ಮ ಹೊಲದ ಆಳಿನ ಮಗ ಬೌದ್ಧನಾಗಿ, ಜಾತ್ರೆಯಲ್ಲಿ ಹಲಗಿ ಬಾರಿಸುವುದಿಲ್ಲ ಎಂದರೆ ಸಹಿಸುವುದಿಲ್ಲ. ಪರರನ್ನು ಗೌರವಿಸುವಾಗ ನಮಗೆ ಏನೂ ನಷ್ಟವಿಲ್ಲ. ನಮ್ಮವನು ಹೊರಟು ಹೋದಾಗ ನಾವು ನಂಬಿಕೊಂಡು ಬಂದದ್ದರ ಮೇಲೆ ಅವನೊಂದು ತೀರ್ಪು ಕೊಟ್ಟು ಹೋದಂತೆ ಆಗುತ್ತದೆ. ಅದಕ್ಕೇ ಕಿರಾಣಿ ಅಂಗಡಿಯಲ್ಲಿ ಉದ್ರಿ ನಿಲ್ಲುತ್ತದೆ, ಗಿರಣಿಯವನು ಜೋಳ ಬೀಸಿಕೊಡುವುದಿಲ್ಲ, ಟಂಟಂನವನು ಹತ್ತಿಸಿಕೊಳ್ಳುವುದಿಲ್ಲ. ಪಕ್ಕದ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯ್ದೆ ಮಾಡಿದೆ, ಅದು ಬೇಕಾದದ್ದೇ. ಕಾಯ್ದೆ ಉದ್ರಿ ಕೊಡಿಸಬಹುದು, ಜೋಳ ಬೀಸಿಸಬಹುದು. ಮುನಿಸಿಕೊಂಡ ಕಾಕಾನನ್ನು ಮದುವೆಗೆ ಕರೆತರುವ ಶಕ್ತಿ ಅದಕ್ಕಿಲ್ಲ. ಅದು ಎರಡೂ ಕಡೆಯವರು ಮಾತು ಬಿಡದೆ ಇದ್ದರೆ ಮಾತ್ರ ಆಗುವಂಥದ್ದು.

ಬಿಟ್ಟು ಬಂದವರ ಒಳಗೂ ಒಂದು ಅಪಾಯವಿದೆ. ಯಾರದೋ ಮದುವೆಯ ಫೋಟೋದಲ್ಲಿ ಮದುಮಗಳ ಹಣೆಗೆ ಕುಂಕುಮ ಕಂಡರೆ ಸಾಕು, ಅದಕ್ಕೆ ಕೆಂಪು ಸುತ್ತು ಹಾಕಿ “ಇಂಥವ್ರು ಎಂಥಾ ಬೌದ್ಧರು?” ಎಂದು ನಾಲ್ಕು ಗುಂಪಿಗೆ ಕಳಿಸುವವರಿದ್ದಾರೆ. ಗಣಪತಿ ಚಂದಾ ಕೊಟ್ಟವನನ್ನು ಗುಂಪಿನಿಂದ ತೆಗೆಯುತ್ತಾರೆ. ಇಪ್ಪತ್ತೆರಡು ಪ್ರತಿಜ್ಞೆಗಳು ನನಗೂ ದೊಡ್ಡವು. ತಲೆತಲಾಂತರದ ಭಯವನ್ನು ಒಂದೊಂದಾಗಿ ಹೆಸರಿಟ್ಟು ಕೆಳಗಿಳಿಸುವ ಮಾತುಗಳು ಅವು. ಪ್ರತಿಜ್ಞೆ ಮಾಡಿದವನು ತನ್ನನ್ನು ಅಳೆದುಕೊಳ್ಳಲು ಇರುವುದನ್ನು ನೆರೆಯವಳನ್ನು ಅಳೆಯಲು ಬಳಸಿದರೆ ನಾವು ಮತ್ತೆ ಕಟ್ಟಳೆಗಳ ಧರ್ಮಕ್ಕೇ ಹೋದೆವು. ಯಾವ ಬಿಗಿಯನ್ನು ತಾಳಲಾರದೆ ಬಂದೆವೋ ಅದನ್ನೇ ನಮ್ಮ ಕೈಯಿಂದ ಕಟ್ಟಿದೆವು. “ನನಗ ಇನ್ನಾ ಎಲ್ಲಮ್ಮನ ಅಂಜಿಕಿ ಹೋಗಿಲ್ಲ” ಎಂದು ಒಬ್ಬಳು ಸಂಕೋಚವಿಲ್ಲದೆ ಹೇಳಬಲ್ಲ ಗುಂಪು ಒಳ್ಳೆಯ ಗುಂಪು ಎಂದು ನಾನು ತಿಳಿದಿದ್ದೇನೆ. ಆ ಮಾತಿಗೆ ಬೈಗುಳ ಬಂದರೆ ಅವಳ ಅಂಜಿಕೆ ಹೋಗುವುದಿಲ್ಲ, ಅಂಜಿಕೆಯ ಬಗ್ಗೆ ಹೇಳುವುದು ನಿಲ್ಲುತ್ತದೆ.

ಒಬ್ಬಳು ಎಂದೆ. ಆದರೆ ಈ ಗುಂಪುಗಳಲ್ಲಿ ಹೆಂಗಸರು ತೀರ ಕಡಿಮೆ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ದೀಕ್ಷೆಯ ವೇದಿಕೆ ಮೇಲೆ ಮಾತಾಡುವವರು ಗಂಡಸರು, ಗುಂಪಿನ ಅಡ್ಮಿನ್‌ಗಳು ಗಂಡಸರು. ಧರ್ಮ ಮನೆಯೊಳಗೆ ಇದ್ದದ್ದು ಹೆಂಗಸರ ಕೈಯಲ್ಲಿ. ಜಗಲಿ ಸಾರಿಸಿ ದೀಪ ಹಚ್ಚುವವಳು, ಅಮಾಸಿಗೆ ಎಡೆ ಹಿಡಿಯುವವಳು, ಕೂಸಿಗೆ ದೃಷ್ಟಿ ತೆಗೆಯುವವಳು, ತೊಟ್ಟಿಲಿಗೆ ಹಾಕಿ ಹೆಸರು ಕರೆಯುವವಳು, ಮಂಗಳವಾರ ಉಪವಾಸ ಇರುವವಳು ಅವಳು. ಗಂಡಸು ಒಂದು ಮುಂಜಾನೆಯಲ್ಲಿ ಬಿಟ್ಟದ್ದನ್ನು ಅವಳು ದಿನಕ್ಕೆ ಹತ್ತು ಸಲ ಬಿಡಬೇಕು. ಬಿಟ್ಟ ಮೇಲೆ ಕೂಸಿಗೆ ಜ್ವರ ಬಂದರೆ “ನೀ ದೇವ್ರನ್ನ ಬಿಟ್ಟಿದಕ್ಕೇ ಆಗ್ಯದ” ಎಂಬ ಮಾತು ಬೀಳುವುದು ಅವಳ ಮೇಲೆ, ತವರಿನವರು ಮುಖ ತಿರುಗಿಸುವುದು ಅವಳಿಗೆ. ಇಷ್ಟಾಗಿಯೂ ಅವಳ ಹತ್ತಿರ ಇರುವುದು ಬಟನ್ ಫೋನು. ಗುಂಪಿನಲ್ಲಿ ಬರುವ ಉದ್ದುದ್ದ ಬರಹ ಅವಳಿಗೆ ತಲುಪುವುದಿಲ್ಲ. ಮಹಾರಾಷ್ಟ್ರದಿಂದ ಬರುವ ಹಾಡು, ಭಾಷಣ ಮರಾಠಿ, ಹಿಂದಿಯಲ್ಲಿರುತ್ತವೆ, ವಂದನೆ ಪಾಲಿಯಲ್ಲಿರುತ್ತದೆ. ಸೋಬಾನ, ಜೋಗುಳ, ಬೀಸುವ ಪದಗಳಲ್ಲಿ ಅವಳಿಗಿದ್ದ ಕನ್ನಡದ ಧರ್ಮ ಹೋಗಿ, ಅವಳಿಗೆ ಬಾರದ ಮಾತಿನ ಧರ್ಮ ಬಂತು. ಭೀಮನ ಹೆಸರು ಸೇರಿಸಿ ಸೋಬಾನ ಕಟ್ಟಿ ಹಾಡುವ ಮುದುಕಿಯರು ನಮ್ಮ ಕಡೆ ಇದ್ದಾರೆ. ಅವರ ದನಿಯನ್ನು ರೆಕಾರ್ಡ್ ಮಾಡಿ ಗುಂಪಿಗೆ ಹಾಕಿದ ದಿನ ಆ ಗುಂಪಿನ ಮಾತಿನ ಧಾಟಿಯೇ ಬದಲಾಗುತ್ತದೆ. ಬರಹ ಬೇಡ, ದನಿಯಲ್ಲೇ ಕೇಳಲಿ, ದನಿಯಲ್ಲೇ ಹೇಳಲಿ. ಸಂಜೆ ಮಗನ ಫೋನಿನ ಸ್ಪೀಕರ್ ಹಚ್ಚಿ ಅವ್ವನಿಗೆ ಕೇಳಿಸುವುದಕ್ಕೆ ಯಾವ ಖರ್ಚೂ ಇಲ್ಲ.

ಇದಕ್ಕೆ ಅವಸರವೂ ಇದೆ. ಮುಂದಿನ ಜನಗಣತಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯಲಿದೆ. ಧರ್ಮದ ಜೊತೆಗೆ ಈ ಸಲ ಎಲ್ಲರ ಜಾತಿಯನ್ನೂ ಕೇಳುತ್ತಾರೆ. 1990ರ ತಿದ್ದುಪಡಿಯ ಪ್ರಕಾರ ಬೌದ್ಧ ಎಂದು ಬರೆಸಿದ ಪರಿಶಿಷ್ಟ ಜಾತಿಯವರು ಪರಿಶಿಷ್ಟ ಜಾತಿಯವರಾಗಿಯೇ ಉಳಿಯುತ್ತಾರೆ ಎಂಬ ಸಂದೇಶ ಗುಂಪುಗಳಲ್ಲಿ ತಿರುಗಾಡುತ್ತದೆ, ತಿರುಗಾಡಲಿ. ಆದರೆ ಗಣತಿಯವರು ಬರುವುದು ಹಗಲು ಹೊತ್ತಿನಲ್ಲಿ. ಆಗ ಗಂಡಸರು ಕಾರ್ಖಾನೆಯ ಶಿಫ್ಟಿನಲ್ಲೋ ಗಣಿಯಲ್ಲೋ ಇರುತ್ತಾರೆ, ಹುಡುಗರು ಪುಣೆಯಲ್ಲಿರುತ್ತಾರೆ. ಬಾಗಿಲು ತೆರೆಯುವವಳು ಮನೆಯಲ್ಲಿರುವ ಅವ್ವ ಅಥವಾ ಆಯಿ. “ಧರ್ಮ ಯಾವ್ದಮ್ಮ?” ಎಂದು ಕೇಳಿದರೆ ಉತ್ತರ ಕೊಡುವವಳು ಅವಳು. 2011ರಲ್ಲಿ ಕೊಟ್ಟವಳೂ ಬಹಳ ಮನೆಗಳಲ್ಲಿ ಅವಳೇ ಇದ್ದಿರಬೇಕು. ಹತ್ತಾರು ವರ್ಷದಿಂದ ಗುಂಪುಗಳಲ್ಲಿ ನಡೆದ ವಾದ, ಚರ್ಚೆ, ಜಗಳ ಯಾವುದರಲ್ಲೂ ಅವಳನ್ನು ಯಾರೂ ಏನೂ ಕೇಳಿಲ್ಲ. ಗಣತಿಯವರು ಬಂದು ಕೇಳುವ ಮೊದಲು ಮನೆಯವರು ಅವಳ ಹತ್ತಿರ ಕೂತು, ಜಗಲಿಯ ಎಲ್ಲಮ್ಮನಿಂದ ಹಿಡಿದು ಸರ್ಟಿಫಿಕೇಟಿನ ಅಂಜಿಕೆಯವರೆಗೆ ಎಲ್ಲವನ್ನೂ ಮಾತಾಡಲಿ. ಅವಳು ಬೇರೆ ಏನಾದರೂ ಹೇಳಿದರೆ ಅದನ್ನೂ ಕೇಳಿಸಿಕೊಳ್ಳಲಿ.